ಎಲ್ಲರ ಮನೆ ದೋಸೆನೂ ತೂತೇ, ಆದ್ರೆ ಎಲ್ಲರ ಬಾಲಿನ ತೂತು ಒಂದೇ ಅಲ್ಲ

1/11
ಮೊದಲನೇ ಫೋಟೋ ನೋಡಿದ್ರಾ? ಅದು ನನ್ನ ಬಲಗೈ ಹೆಬ್ಬೆರಳು. ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯ ಹಿಂದಿನ ರಾತ್ರಿ ತೆಗೆದಿದ್ದು. ಬ್ಯಾಂಡೇಜ್ ಸುತ್ತಿದ್ದು ಅಮ್ಮ, ಸುತ್ತುತ್ತಾ ಬೈದಿದ್ದೂ ಅಮ್ಮನೇ. ಗಾಡಿಯಿಂದ ಬಿದ್ದಿದ್ದಲ್ಲ, ತರಕಾರಿ ಹೆಚ್ಚೋವಾಗ ಕುಯ್ದುಕೊಂಡಿದ್ದೂ ಅಲ್ಲ. ನಾನೇ 16,000 ರೂಪಾಯಿ ಕೊಟ್ಟು ತಂದ ಬೌಲಿಂಗ್ ಬಾಲ್ ಮಾಡಿದ ಕೆಲಸ.

ಆ 16,000ದಲ್ಲಿ 9,000 ನಾನು ಪಕ್ಕದ ಬೀದಿ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದು. ಉಳಿದ 7,000 ಅಮ್ಮನ ಚೀಟಿ ದುಡ್ಡು. "ಆಟ ಆಡು, ಬೇಡ ಅನ್ನಲ್ಲ, ಆದ್ರೆ ಯೋಚನೆ ಮಾಡಿ ತಗೋ" ಅಂದಿದ್ರು. ನಾನು ಯೋಚನೆ ಮಾಡಲಿಲ್ಲ. ರೀಲ್ಸ್ ನೋಡಿದೆ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಇಬ್ಬರು ಅದೇ ತರದ ಬಾಲಿನ ಫೋಟೋ ಹಾಕಿ "ತಗೊಳ್ಳೋಣ್ವಾ?" ಅಂತ ಕೇಳಿದ್ದೀರ. ಕೆಳಗೆ ಹತ್ತು ಜನ ಬೆಂಕಿ ಇಮೋಜಿ ಹಾಕಿದ್ದೀರ. ಆ ಬೆಂಕಿ ಇಮೋಜಿಗಳ ವಿರುದ್ಧ ಈ ಹನ್ನೊಂದು ಪೋಸ್ಟು.

ನನ್ನ ವಾದ ಇಷ್ಟೇ: ನಾವು ಆಡೋ ಲೇನ್ ಒಣ. ಒಣ ಲೇನ್‌ಗೆ ಬೇಕಾಗಿರೋದು ಕಮ್ಮಿ ತಿರುಗೋ ಬಾಲು, ಜೊತೆಗೆ ನಿಮ್ಮ ಕೈ ಅಳತೆಗೇ ಹೊಡೆದ ತೂತು. ದುಡ್ಡಿದ್ರೆ ಬಾಲಿನ ಹೆಸರಿಗೆ ಸುರೀಬೇಡಿ, ತೂತಿಗೆ ಹಾಕಿ.

ನಗಬೇಡಿ. ಪೂರ್ತಿ ಓದಿ, ಆಮೇಲೆ ನಗಿ.

2/11
ಮೊದಲು ಒಣ ಲೇನ್ ಅಂದ್ರೇನು?

ಫೌಲ್ ಲೈನಿಂದ ಮೊದಲನೇ ಪಿನ್‌ವರೆಗೆ 60 ಅಡಿ. ಅದರ ಮೇಲೆ ತೆಳ್ಳಗೆ ಎಣ್ಣೆ ಹಾಕಿರ್ತಾರೆ, ಸಾಮಾನ್ಯವಾಗಿ ಸುಮಾರು 40 ಅಡಿವರೆಗೆ. ಹಿಂದೆ ಲೇನ್ ಮರದ್ದಾಗಿತ್ತು, ಮರ ಸವೀಬಾರದು ಅಂತ ಶುರುವಾದ ಎಣ್ಣೆ. ಈಗ ಇಡೀ ಆಟ ಅದರ ಮೇಲೇ ನಿಂತಿದೆ. ಎಣ್ಣೆ ಇರೋ ಕಡೆ ಬಾಲ್ ಜಾರುತ್ತೆ, ಎಣ್ಣೆ ಮುಗಿದ ಕಡೆ ನೆಲ ಹಿಡಿದು ತಿರುಗುತ್ತೆ. ಆ ತಿರುವೇ ಹುಕ್.

ದೋಸೆ ಕಲ್ಲು ನೆನಪು ಮಾಡ್ಕೊಳ್ಳಿ. ಎಣ್ಣೆ ಸವರಿ ಅರ್ಧ ಈರುಳ್ಳಿ ಉಜ್ಜಿದ ಕಲ್ಲಲ್ಲಿ ದೋಸೆ ತಾನೇ ಎದ್ದು ಬರುತ್ತೆ. ಎಣ್ಣೆ ಆರಿದ ಕಲ್ಲಲ್ಲಿ ಹಿಟ್ಟು ಹುಯ್ದ ಕಡೆಯೇ ಹಿಡ್ಕೊಳ್ಳುತ್ತೆ. ಲೇನೂ ಅಷ್ಟೇ. ಬೆಳಗ್ಗೆ ಎಣ್ಣೆ ಹಾಕಿರ್ತಾರೆ ಅಂತಾನೇ ಇಟ್ಕೊಳ್ಳಿ. ಆಮೇಲೆ ಬರ್ತ್‌ಡೇ ಪಾರ್ಟಿ, ಆಫೀಸ್ ಟೀಮ್ ಔಟಿಂಗ್, ಶಾಲೆ ಮಕ್ಕಳು. ಪ್ರತಿ ಎಸೆತವೂ ಸ್ವಲ್ಪ ಎಣ್ಣೆ ಎತ್ಕೊಂಡು ಹೋಗುತ್ತೆ, ಸ್ವಲ್ಪ ಮುಂದಕ್ಕೆ ತಳ್ಳುತ್ತೆ. ನಾವು ಕ್ಲಾಸ್ ಮುಗಿಸಿ, ಜಯನಗರ ಫೋರ್ತ್ ಬ್ಲಾಕಲ್ಲಿ ಒಂದು ಕಾಫಿ ಕುಡಿದು, ಶನಿವಾರ ಸಂಜೆ ಏಳಕ್ಕೆ ಮಾಲ್‌ಗೆ ಹೋಗೋ ಹೊತ್ತಿಗೆ ಕಲ್ಲು ಆರಿರುತ್ತೆ.

ಪರೀಕ್ಷೆ ಮಾಡೋದು ಸುಲಭ. ವಾಪಸ್ ಬಂದ ಬಾಲನ್ನ ಬಿಳಿ ಟಿಶ್ಯೂನಲ್ಲಿ ಒರೆಸಿ. ಎಣ್ಣೆ ಇರೋ ಲೇನಾದ್ರೆ ಟಿಶ್ಯೂ ಮೇಲೆ ಜಿಡ್ಡಿನ ಗೆರೆ ಬರುತ್ತೆ. ನಾನು ನಮ್ಮ ಕಡೆಯ ಒಂದು ಮಾಲಲ್ಲಿ ನಾಲ್ಕು ಶನಿವಾರ ಒರೆಸಿ ನೋಡಿದೆ. ಬಂದಿದ್ದು ಧೂಳು.

3/11
ಈಗ ಬಾಲು. ಎಲ್ಲಾ ಬೌಲಿಂಗ್ ಬಾಲೂ ಒಂದೇ ಅಲ್ಲ. ಹೊರಗಿನ ಚಿಪ್ಪು ಯಾವುದು ಅನ್ನೋದೇ ದೊಡ್ಡ ವಿಷಯ.

ಪಾಲಿಯೆಸ್ಟರ್. ಎಲ್ಲರೂ ಪ್ಲಾಸ್ಟಿಕ್ ಅಂತಾರೆ. ಕೌಂಟರ್‌ನಲ್ಲಿ ಕೊಡೋ ಬಾಲ್‌ಗಳು ಸಾಮಾನ್ಯವಾಗಿ ಇದೇ. ನೆಲ ಹಿಡಿಯಲ್ಲ, ನೆಟ್ಟಗೆ ಹೋಗುತ್ತೆ.

ಯುರೇಥೇನ್. ಬೇಗ ನೆಲ ಹಿಡಿಯುತ್ತೆ, ಆದ್ರೆ ನಿಧಾನಕ್ಕೆ, ಒಂದೇ ಸಮ ಬಾಗುತ್ತೆ. ಕೊನೇಲಿ ಗಬಕ್ಕಂತ ತಿರುಗಲ್ಲ.

ರಿಯಾಕ್ಟಿವ್ ರೆಸಿನ್. 1990ರ ದಶಕದ ಶುರುವಿನಲ್ಲಿ ಬಂದಿದ್ದು. ಎಣ್ಣೇಲಿ ಜಾರಿ, ಒಣ ಜಾಗ ಸಿಕ್ಕಿದ ತಕ್ಷಣ ಜೋರಾಗಿ ತಿರುಗುತ್ತೆ. ರೀಲ್ಸ್‌ನಲ್ಲಿ ಗಟರ್ ಅಂಚಿಗೆ ಹೋಗಿ ವಾಪಸ್ ಬಂದು ಹತ್ತೂ ಪಿನ್ ಉರುಳಿಸೋ ಬಾಲ್ ಇದೆಯಲ್ಲ, ಅದು ಇದೇ.

ಆ ರೀಲ್ ಆಡ್ತಿರೋ ಲೇನ್‌ಗೆ ಆಗಷ್ಟೇ ಮೆಷಿನ್‌ನಲ್ಲಿ ಅಳತೆ ಪ್ರಕಾರ ಎಣ್ಣೆ ಹಾಕಿರ್ತಾರೆ ಅನ್ನೋದು ಮಾತ್ರ ರೀಲ್‌ನಲ್ಲಿ ಕಾಣಲ್ಲ.

ನಾನು ತಗೊಂಡಿದ್ದು 12 ಪೌಂಡಿನ ರಿಯಾಕ್ಟಿವ್, ಅದೂ ಮೇಲ್ಮೈ ಒರಟು ಮಾಡಿದ್ದು. ಭಾರೀ ಎಣ್ಣೆ ಇರೋ ಲೇನ್‌ಗೆ ಅಂತಾನೇ ಮಾಡಿದ ಬಾಲ್. ಮಾರಿದ ಸೀನಿಯರ್ "ಇದು ಬೀಸ್ಟ್ ಕಣೇ" ಅಂದ. ಸುಳ್ಳು ಹೇಳಲಿಲ್ಲ ಪಾಪ. ಬೀಸ್ಟೇ. ಒಣ ಲೇನಲ್ಲಿ ಕೈ ಬಿಟ್ಟ ಹದಿನೈದು ಅಡಿಗೇ ಎಡಕ್ಕೆ ತಿರುಗಕ್ಕೆ ಶುರು ಮಾಡ್ತು. ಅರ್ಧ ದಾರಿಯಲ್ಲೇ ಶಕ್ತಿ ಎಲ್ಲಾ ಖರ್ಚಾಗಿ, ಪಿನ್ ಹತ್ರ ಹೋಗೋ ಹೊತ್ತಿಗೆ ಸುಸ್ತಾಗಿ ಎಡಗಡೆ ಗಟರಿಗೆ ಬೀಳ್ತು. ಮಳೆಗಾಲದ ಟೈರ್ ಹಾಕ್ಕೊಂಡು ಒಣ ರಸ್ತೇಲಿ ರೇಸ್‌ಗೆ ಇಳಿದಂಗೆ. ಟೈರ್ ಕೆಟ್ಟದ್ದಲ್ಲ, ರಸ್ತೆ ಬೇರೆ.

4/11
"ಹುಕ್ ಇಲ್ಲದ ಬೌಲಿಂಗ್ ಬೌಲಿಂಗೇ ಅಲ್ಲ." ಇದು ನನಗೆ ಬಂದ ಮೊದಲನೇ ಡಿಎಂ.

ಗುರು, ನೀನು ಬಸವನಗುಡೀಲಿ ಕೂತ್ಕೊಂಡು ಇದನ್ನ ಟೈಪ್ ಮಾಡಿದ್ದೀಯ. ನಿಮ್ಮ ಏರಿಯಾದಲ್ಲೇ ಓದಿ ಬೆಳೆದ ಅನಿಲ್ ಕುಂಬ್ಳೆಗೂ ಜನ ಇದನ್ನೇ ಹೇಳ್ತಿದ್ರು. ಬಾಲ್ ತಿರುಗೋದೇ ಇಲ್ಲ, ಇವನೆಂಥಾ ಲೆಗ್ ಸ್ಪಿನ್ನರ್ ಅಂತ. ಅವರು ಮಾಡಿದ್ದೇನು? ವೇಗ, ನೇರ, ಬೌನ್ಸು, ದಿನವಿಡೀ ಅದೇ ಜಾಗಕ್ಕೆ. 1999ರ ಫೆಬ್ರವರೀಲಿ ದಿಲ್ಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 74 ರನ್ನಿಗೆ 10 ವಿಕೆಟ್. ಒಟ್ಟು 619 ಟೆಸ್ಟ್ ವಿಕೆಟ್. ಎಂಜಿ ರೋಡ್ ಮೆಟ್ರೋ ಹತ್ರದ ಸರ್ಕಲ್‌ಗೆ ಅವರ ಹೆಸರು. ಜಾಸ್ತಿ ತಿರುಗಿಸಿದ್ದಕ್ಕೆ ಇಟ್ಟಿದ್ದಲ್ಲ ಅದು.

ನ್ಯಾಯವಾಗಿ ಒಂದು ಮಾತು ಒಪ್ಕೋತೀನಿ. ಒಳ್ಳೇ ಎಣ್ಣೆ ಇರೋ ಲೇನಲ್ಲಿ ಹುಕ್‌ಗೆ ನಿಜವಾದ ಲಾಭ ಇದೆ. ಬಲಗೈನವರಿಗೆ ಒಂದು ಮತ್ತು ಮೂರನೇ ಪಿನ್ ನಡುವೆ ಓರೆಯಾಗಿ ನುಗ್ಗೋ ಬಾಲ್‌ಗೆ ಸ್ಟ್ರೈಕ್ ಬೀಳೋ ಸಾಧ್ಯತೆ ಜಾಸ್ತಿ. ನೇರ ಬಾಲ್‌ಗೆ ಅಷ್ಟು ಕೋನ ಸಿಗಲ್ಲ. ಅದಕ್ಕೇ ದೊಡ್ಡ ಆಟಗಾರರೆಲ್ಲ ಹುಕ್ ಹಾಕ್ತಾರೆ.

ಆದ್ರೆ ಆ ಕೋನ ಸಿಗಬೇಕಾದ್ರೆ ಬಾಲ್ ಮೊದಲು ಜಾರಬೇಕು, ಆಮೇಲೆ ತಿರುಗಬೇಕು. ಒಣ ಲೇನಲ್ಲಿ ಜಾರೋದೇ ಇಲ್ಲ. ಅಲ್ಲಿ ನಿಮ್ಮ ಹುಕ್ ಆಯುಧ ಅಲ್ಲ, ನಿಮ್ಮ ಮಾತು ಕೇಳದ ನಾಯಿ.

5/11
ಬಿಕಾಂ ಮಕ್ಕಳೇ, ಇದು ನಿಮಗೆ. ಕ್ಯಾಲ್ಕುಲೇಟರ್ ಬೇಡ, ಬಾಯಿಲೆಕ್ಕ ಸಾಕು.

ಒಬ್ಬರು ಹತ್ತೂ ಫ್ರೇಮಲ್ಲಿ ಮೊದಲ ಎಸೆತಕ್ಕೆ 9 ಪಿನ್ ಬೀಳಿಸ್ತಾರೆ, ಉಳಿದ ಒಂದನ್ನ ಪ್ರತಿ ಸಲ ಬಿಡ್ತಾರೆ. ಸ್ಕೋರು 90.

ಇನ್ನೊಬ್ಬರೂ ಅದೇ 9 ಬೀಳಿಸ್ತಾರೆ, ಆದ್ರೆ ಉಳಿದ ಒಂದನ್ನ ಪ್ರತಿ ಸಲ ಹೊಡೀತಾರೆ. ಪ್ರತಿ ಫ್ರೇಮು 10 ಪ್ಲಸ್ ಮುಂದಿನ ಎಸೆತದ 9. ಸ್ಕೋರು 190.

ಇಬ್ಬರಿಗೂ ಒಂದು ಸ್ಟ್ರೈಕೂ ಇಲ್ಲ. ವ್ಯತ್ಯಾಸ 100. ಆ ನೂರೂ ಬಂದಿದ್ದು ಆ ಒಂದೊಂದು ಒಂಟಿ ಪಿನ್‌ನಿಂದ.

ಅಷ್ಟು ಚೆನ್ನಾಗಿ ಆಡಲ್ಲ ಅಂತೀರಾ? ಸರಿ, ಮೊದಲ ಎಸೆತಕ್ಕೆ 7 ಅಂತಲೇ ಇಟ್ಕೊಳ್ಳಿ. ಉಳಿದ ಮೂರನ್ನ ಪ್ರತಿ ಸಲ ಹೊಡೆದ್ರೆ 170. ಹೊಡೀದಿದ್ರೆ 70.

ಈಗ ಹೇಳಿ, ಬಲಗಡೆ ಮೂಲೇಲಿ ಒಂಟಿಯಾಗಿ ನಿಂತಿರೋ ಹತ್ತನೇ ಪಿನ್ನನ್ನ ಒಣ ಲೇನಲ್ಲಿ ಎಡಕ್ಕೆ ಎಳೆಯೋ ಬಾಲ್‌ನಿಂದ ಹೇಗೆ ಹೊಡೀತೀರ? ದೊಡ್ಡ ಟೂರ್ನಿ ಆಡೋರು ಕೂಡ ಬ್ಯಾಗಲ್ಲಿ ಹುಕ್ ಬಾಲ್ ಪಕ್ಕ ಒಂದು ಪ್ಲಾಸ್ಟಿಕ್ ಬಾಲ್ ಇಟ್ಕೊಂಡೇ ಇರ್ತಾರೆ, ಇದಕ್ಕೇ. ಅವರಿಗೆ ಅದು ಎರಡನೇ ಬಾಲು. ನಮ್ಮ ಲೇನ್‌ಗೆ, ನಮ್ಮ ಜೇಬಿಗೆ, ಅದೇ ಮೊದಲನೇದಾಗಬೇಕು.

ಆ ಫೆಸ್ಟ್ ದಿನ ನನ್ನ 16,000 ರೂಪಾಯಿ ಬಾಲ್ ಕೊಟ್ಟ ಸ್ಕೋರು 94. ನಮ್ಮ ಕ್ಲಾಸಿನವಳೇ ಒಬ್ಬಳು, ಕೌಂಟರ್ ಬಾಲಲ್ಲಿ, ಬಾಡಿಗೆ ಶೂನಲ್ಲಿ, 131. ಅವಳು ಇದನ್ನ ಓದ್ತಿದ್ದಾಳೆ. ನಗು, ನಗು.

6/11
ಹಾಗಾದ್ರೆ ಒಣ ಲೇನ್‌ಗೆ ಯಾವ ಬಾಲು? ಸ್ಕ್ರೀನ್‌ಶಾಟ್ ತಗೊಳ್ಳಿ.

ಮೊದಲ ಆಯ್ಕೆ ಪಾಲಿಯೆಸ್ಟರ್. ಎಣ್ಣೆ ಹೀರಲ್ಲ, ಪದೇ ಪದೇ ಕ್ಲೀನರ್ ಹಾಕಿ ಆರೈಕೆ ಮಾಡೋ ಗೋಜಿಲ್ಲ, ವರ್ಷಗಟ್ಟಲೆ ಬರುತ್ತೆ. ರಿಯಾಕ್ಟಿವ್ ಬಾಲ್ ಎಣ್ಣೆ ಕುಡಿದು ಕುಡಿದು ಕಾಲಕ್ರಮೇಣ ಮಂಕಾಗುತ್ತೆ. ಡಿಪ್ರಿಸಿಯೇಷನ್ ಯಾವುದಕ್ಕೆ ಜಾಸ್ತಿ, ನೀವೇ ಬರೀರಿ.

ಸ್ವಲ್ಪ ಹುಕ್ ಬೇಕೇ ಬೇಕು ಅಂದ್ರೆ ಎರಡನೇದು: ಎಂಟ್ರಿ ಲೆವೆಲ್ ರಿಯಾಕ್ಟಿವ್. ಪರ್ಲ್ ಚಿಪ್ಪು, ಮೇಲೆ ಫ್ಯಾಕ್ಟರಿ ಪಾಲಿಶ್. ಹೊಳೆಯೋ ಬಾಲ್ ಜಾರುತ್ತೆ, ಒರಟು ಬಾಲ್ ಹಿಡಿಯುತ್ತೆ. ಗ್ರಿಟ್ ನಂಬರ್ ನೋಡಿ. 500, 1000 ಅಂದ್ರೆ ಒರಟು, 4000 ಅಂದ್ರೆ ನುಣುಪು.

ಒಳಗಿನ ಕೋರ್‌ಗೆ ಎರಡು ಸಂಖ್ಯೆ ಇರುತ್ತೆ. ಒಂದು ಆರ್‌ಜಿ. ನಿಯಮದ ಪ್ರಕಾರ 2.46ರಿಂದ 2.80ರ ಒಳಗೆ. ಜಾಸ್ತಿ ಇದ್ದಷ್ಟೂ ಬಾಲ್ ತಡವಾಗಿ ಉರುಳಕ್ಕೆ ಶುರು ಮಾಡುತ್ತೆ, ನಮಗೆ ಅದೇ ಬೇಕು. ಇನ್ನೊಂದು ಡಿಫರೆನ್ಷಿಯಲ್. ಗರಿಷ್ಠ 0.060. ಕಮ್ಮಿ ಇದ್ದಷ್ಟೂ ತಿರುವು ಕಮ್ಮಿ. 0.030ರ ಕೆಳಗಿದ್ರೆ ಒಣ ಲೇನ್‌ಗೆ ಆರಾಮು. ನನ್ನ ಬೀಸ್ಟ್‌ದು 0.050ರ ಮೇಲಿತ್ತು. ಬಾಕ್ಸ್ ಮೇಲೇ ಇತ್ತು. ನಾನು ಬಣ್ಣ ನೋಡ್ತಿದ್ದೆ.

ಅಸಿಮೆಟ್ರಿಕ್ ಕೋರ್ ಅಂತ ಬರೆದಿದ್ರೆ ಸದ್ಯಕ್ಕೆ ಕೈ ಮುಗಿದು ಬನ್ನಿ.

ತೂಕ: ಗರಿಷ್ಠ 16 ಪೌಂಡ್, ಅಂದ್ರೆ 7.26 ಕೆಜಿ. ಕೈ ತೂಗಾಡಿಸುವಾಗ ಭುಜ ಕೆಳಗೆ ಎಳೀತಿದ್ರೆ ಅದು ನಿಮಗೆ ಭಾರ. ಹಾಗಂತ ತೀರಾ ಹಗುರವೂ ಬೇಡ, ಪಿನ್‌ಗೆ ತಾಗಿದ ತಕ್ಷಣ ದಿಕ್ಕು ತಪ್ಪುತ್ತೆ. "ಮೇಡಂ, ನಿಮಗೆ ಈ ಪಿಂಕ್ ಬಾಲ್" ಅಂತ 8 ಪೌಂಡ್ ಕೊಟ್ರೆ ನಗ್ತಾ ವಾಪಸ್ ಇಡಿ.

7/11
ಈಗ ಆ ಹೆಬ್ಬೆರಳಿನ ಕಥೆ.

ಸೆಕೆಂಡ್ ಹ್ಯಾಂಡ್ ಬಾಲ್ ಅಂದ್ರೆ ತೂತು ಬೇರೆಯವರ ಕೈದು. ಆ ಸೀನಿಯರ್ ಕೈ ನನ್ನ ಕೈಗಿಂತ ದೊಡ್ಡದು. ಸರಿಯಾದ ದಾರಿ ಏನಂದ್ರೆ, ಹಳೇ ತೂತುಗಳನ್ನ ರೆಸಿನ್‌ನಲ್ಲಿ ಮುಚ್ಚಿಸಿ, ಒಣಗಿದ ಮೇಲೆ ಹೊಸದಾಗಿ ಅಳತೆ ತಗೊಂಡು ಹೊಡೆಸೋದು. ಅದಕ್ಕೆ ದುಡ್ಡಾಗುತ್ತೆ ಅಂತ ನಾವು ಜಾಣರು ಏನು ಮಾಡಿದ್ವಿ ಗೊತ್ತಾ? ಫ್ರೆಂಡ್ ಒಬ್ಬನಿಗೆ ಪರಿಚಯದ ಲೇತ್ ಅಂಗಡಿಗೆ ತಗೊಂಡು ಹೋದ್ವಿ. 300 ರೂಪಾಯಿ. ಆ ಅಣ್ಣ ಒಳ್ಳೇ ಮನುಷ್ಯ, ಕೆಲಸದಲ್ಲಿ ಪಕ್ಕಾ. ಕೊಟ್ಟ ಅಳತೆಗೆ ಹಳೇ ತೂತಿನ ಪಕ್ಕದಲ್ಲೇ ಹೊಸ ತೂತು, ನೆಟ್ಟಗೆ, ಕಬ್ಬಿಣಕ್ಕೆ ಹೊಡೆದಂಗೆ ಹೊಡೆದುಕೊಟ್ಟರು. ತಪ್ಪು ಅವರದ್ದಲ್ಲ. ಅಳತೆ ಕೊಟ್ಟಿದ್ದು ನಾನು, ಕ್ಲಾಸ್‌ಮೇಟ್‌ನ ಸ್ಕೇಲ್‌ನಲ್ಲಿ.

ಅಂಚು ಉಜ್ಜಿರಲಿಲ್ಲ. ಹೆಬ್ಬೆರಳ ತೂತಿಗೆ ಓರೆ ಇರಲಿಲ್ಲ. ಬೆರಳುಗಳ ದೂರ ಅರ್ಧ ಇಂಚು ಜಾಸ್ತಿ. ಎಸೆಯುವಾಗ ಹೆಬ್ಬೆರಳು ಸಿಕ್ಕಿಹಾಕಿಕೊಳ್ತು. 12 ಪೌಂಡ್ ಮುಂದಕ್ಕೆ ಹೋಯ್ತು, ಹೆಬ್ಬೆರಳಿನ ಚರ್ಮ ಅದರ ಜೊತೆ ಹೋಯ್ತು. ಐದನೇ ಫ್ರೇಮಿಗೆ ರಕ್ತ. ಆಮೇಲೂ ಆಡಿದೆ, ಯಾಕಂದ್ರೆ 16,000 ಕೊಟ್ಟಿದ್ದೆ. ಸಂಕ್ ಕಾಸ್ಟ್ ಅಂದ್ರೇನು ಅಂತ ಎರಡು ಮಾರ್ಕ್ಸ್ ಪ್ರಶ್ನೆಗೆ ಬರೆದಿದ್ದೀವಲ್ಲ, ಹೋದ ದುಡ್ಡು ಮುಂದಿನ ನಿರ್ಧಾರಕ್ಕೆ ಲೆಕ್ಕಕ್ಕೆ ಬರಬಾರದು ಅಂತ? ಬರೆಯೋದು ಸುಲಭ.

ಎರಡು ದಿನ ಬಿಟ್ಟು ಮೂರು ಗಂಟೆ ಪರೀಕ್ಷೆ. ಪೆನ್ ಹಿಡಿಯಕ್ಕೆ ಆಗ್ತಿಲ್ಲ. ಕೊನೇ ಪ್ರಶ್ನೆ, 14 ಮಾರ್ಕ್ಸು, ಗೊತ್ತಿದ್ದೂ ಬರೆಯಲಿಲ್ಲ. ಮನೇಲಿ "ಪೇಪರ್ ಉದ್ದ ಇತ್ತು" ಅಂದೆ. ಅಮ್ಮ ಬೆರಳು ನೋಡಿದ್ರು, ಏನೂ ಹೇಳಲಿಲ್ಲ. ಬೈದಿದ್ರೇ ಚೆನ್ನಾಗಿರ್ತಿತ್ತು.

8/11
ಎಲ್ಲರ ಮನೆ ದೋಸೆನೂ ತೂತೇ ಅಂತಾರೆ. ಬೌಲಿಂಗ್ ಬಾಲಿಗೆ ಆ ಗಾದೆ ನಡೆಯಲ್ಲ. ಸರಿಯಾಗಿ ಡ್ರಿಲ್ ಮಾಡೋರ ಹತ್ರ ಹೋದ್ರೆ ಅವರು ಮೊದಲು ಬಾಲ್ ಮುಟ್ಟಲ್ಲ, ನಿಮ್ಮ ಕೈ ಮುಟ್ತಾರೆ. ಮುಟ್ಟದಿದ್ರೆ ಎದ್ದು ಬನ್ನಿ. ಅವರು ನೋಡಬೇಕಾಗಿರೋದು ಇವು:

ಸ್ಪ್ಯಾನ್. ಹೆಬ್ಬೆರಳಿಂದ ಬೆರಳುಗಳ ತೂತಿನವರೆಗಿನ ದೂರ. ಮಾಮೂಲಿ ಹಿಡಿತಕ್ಕೆ ಪರೀಕ್ಷೆ ಹೀಗೆ: ಹೆಬ್ಬೆರಳು ಪೂರ್ತಿ ಒಳಗೆ ಹಾಕಿ, ಉಳಿದೆರಡು ಬೆರಳನ್ನ ತೂತಿನ ಮೇಲೆ ಸುಮ್ಮನೆ ಮಲಗಿಸಿ. ಬೆರಳಿನ ಎರಡನೇ ಗೆಣ್ಣಿನ ಗೆರೆ ತೂತಿನ ಒಳ ಅಂಚನ್ನ ಸುಮಾರು ಕಾಲು ಇಂಚು ದಾಟಿರಬೇಕು. ಜಾಸ್ತಿ ದೂರ ಆದ್ರೆ ನರ ಎಳೆಯುತ್ತೆ, ಹೆಬ್ಬೆರಳು ಸಿಕ್ಕಿಕೊಳ್ಳುತ್ತೆ. ಕಮ್ಮಿ ಆದ್ರೆ ಬಾಲ್ ಬಿದ್ದುಹೋಗುತ್ತೆ ಅಂತ ಹಿಂಡಿ ಹಿಡೀತೀರ.

ಪಿಚ್. ತೂತು ಯಾವ ಕಡೆಗೆ ಓರೆಯಾಗಿದೆ ಅನ್ನೋದು. ಅಂಗೈ ಕಡೆ ಓರೆ ಇದ್ರೆ ಬಾಲ್ ಕೈಲಿ ನಿಲ್ಲುತ್ತೆ, ಆಚೆ ಕಡೆ ಇದ್ರೆ ಬೇಗ ಬಿಡುತ್ತೆ. ಹೆಬ್ಬೆರಳು ಎಷ್ಟು ಹಿಂದಕ್ಕೆ ಬಾಗುತ್ತೆ ಅನ್ನೋದರ ಮೇಲೆ ಇದು ಒಬ್ಬೊಬ್ಬರಿಗೆ ಒಂದೊಂದು ತರ.

ಅಂಚು. ಉಗುರಿಗೆ, ಚರ್ಮಕ್ಕೆ ಚುಚ್ಚದಂಗೆ ಉಜ್ಜಿರಬೇಕು.

ತೂತಿನ ಗಾತ್ರ. ಹೆಬ್ಬೆರಳು ಬೆಳಗ್ಗೆ ಒಂದು, ಮೂರು ಗೇಮ್ ಆದ್ಮೇಲೆ ಊದಿ ಇನ್ನೊಂದು. ಅದಕ್ಕೇ ಸ್ವಲ್ಪ ಸಡಿಲ ಇಟ್ಟು, ಒಳಗೆ ಬೌಲಿಂಗ್ ಟೇಪ್ ಅಂಟಿಸೋದು. ಬೇಕಾದಾಗ ಒಂದು ಪದರ ತೆಗೀರಿ, ಒಂದು ಹಾಕಿ.

ಕೈಗೆ ಕೂತ ಬಾಲನ್ನ ಹಿಂಡಬೇಕಾಗಿಲ್ಲ. ಹಿಂಡದಿದ್ರೆ ಕೈ ಸಡಿಲ. ಕೈ ಸಡಿಲ ಇದ್ರೆ ಪ್ರತಿ ಸಲ ಒಂದೇ ತರ ಎಸೀಬಹುದು. ಒಣ ಲೇನ್ ಸಣ್ಣ ತಪ್ಪನ್ನೂ ಕ್ಷಮಿಸಲ್ಲ, ಅಲ್ಲಿ ಇದೇ ಎಲ್ಲಾ.

9/11
ಇದು ಸ್ವಲ್ಪ ಟೆಕ್ನಿಕಲ್. ರಿಯಾಕ್ಟಿವ್ ತಗೊಂಡೇ ತಗೋತೀನಿ ಅನ್ನೋರಿಗೆ.

ನೀವು ಬಾಲ್ ಬಿಟ್ಟ ಕ್ಷಣದಲ್ಲಿ ಅದು ಯಾವ ಬಿಂದುವಿನ ಸುತ್ತ ಸುತ್ತುತ್ತೋ ಅದಕ್ಕೆ ಪಿಎಪಿ ಅಂತಾರೆ. ಕಂಡುಹಿಡಿಯಕ್ಕೆ ಫೋನ್ ಸಾಕು. ಬಾಲಿನ ಪಕ್ಕಕ್ಕೆ ಸಣ್ಣ ಬಿಳಿ ಟೇಪ್ ತುಂಡು ಅಂಟಿಸಿ, ಫ್ರೆಂಡ್ ಕೈಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ. ಬಿಟ್ಟ ತಕ್ಷಣ ಟೇಪ್ ಸುತ್ತ ತಿರುಗ್ತಿದ್ರೆ ಜಾಗ ಬದಲಾಯಿಸಿ. ಒಂದೇ ಕಡೆ ನಿಂತಂಗೆ ಕಂಡ್ರೆ ಅದೇ ನಿಮ್ಮ ಪಿಎಪಿ.

ಬಾಲಿನ ಮೇಲೆ ಪಿನ್ ಅಂತ ಒಂದು ಬಣ್ಣದ ಚುಕ್ಕಿ ಇರುತ್ತೆ, ಕೋರಿನ ತುದಿಯ ಗುರುತು. ಅದಕ್ಕೂ ಪಿಎಪಿಗೂ ಮೂರೂ ಕಾಲು, ಮೂರೂವರೆ ಇಂಚಿನ ಆಸುಪಾಸು ದೂರ ಇಟ್ಟರೆ ತಿರುವು ಅತೀ ಜಾಸ್ತಿ. ಒಣ ಲೇನ್‌ಗೆ ಅಲ್ಲಿಂದ ದೂರ ಓಡಿ. 5 ಇಂಚಿಗಿಂತ ಜಾಸ್ತಿ ಇಟ್ಟರೆ ಬಾಲ್ ಉದ್ದಕ್ಕೆ ಹೋಗಿ ಮೆಲ್ಲಗೆ ಬಾಗುತ್ತೆ. 2 ಇಂಚಿಗಿಂತ ಕಮ್ಮಿ ಇಟ್ಟರೆ ಬೇಗ ಉರುಳಿ ಒಂದೇ ಸಮ ಹೋಗುತ್ತೆ. ಎರಡರಲ್ಲೂ ಆರ್ಭಟ ಇಲ್ಲ.

ಒಂದು ಎಚ್ಚರಿಕೆ. ಹಳೇ ವಿಡಿಯೋಗಳಲ್ಲಿ "ಹುಕ್ ಕಮ್ಮಿ ಮಾಡಕ್ಕೆ ಇನ್ನೊಂದು ತೂತು ಹೊಡೆಸಿ" ಅಂತಾರೆ. ಬ್ಯಾಲೆನ್ಸ್ ಹೋಲ್ ಅಂತ. ಅಮೆರಿಕದ ಬೌಲಿಂಗ್ ಕಾಂಗ್ರೆಸ್ ನಿಯಮದಲ್ಲಿ 2020ರ ಆಗಸ್ಟ್ 1ರಿಂದ ಅದಕ್ಕೆ ಅವಕಾಶ ಇಲ್ಲ. ತೂತು ಇದ್ರೆ ಅದರಲ್ಲಿ ಬೆರಳಿರಬೇಕು, ಅಷ್ಟೇ. ಯಾರಾದ್ರೂ ನಿಮಗೆ ಅದನ್ನ ಮಾರಕ್ಕೆ ಬಂದ್ರೆ ವಿಡಿಯೋ ಯಾವ ವರ್ಷದ್ದು ಅಂತ ಕೇಳಿ.

ಪ್ಲಾಸ್ಟಿಕ್ ಬಾಲ್‌ನೋರಿಗೆ ಈ ತಲೆನೋವು ಬೇಡ. ಅದರೊಳಗೆ ಅಂಥಾ ದೊಡ್ಡ ಕೋರೇ ಇಲ್ಲ. ಕೈಗೆ ಕೂತರೆ ಸಾಕು.

10/11
ಈಗ ಬಂದಿರೋ ಆಕ್ಷೇಪಗಳು.

"ಕೌಂಟರ್ ಬಾಲೇ ಸಾಕಲ್ಲ, ಸ್ವಂತ ಬಾಲ್ ಯಾಕೆ?" ತಿಂಗಳಿಗೊಮ್ಮೆ ಬರ್ತ್‌ಡೇಗೆ ಹೋಗೋರಿಗೆ ಖಂಡಿತ ಸಾಕು. ನೀವು ಬಾಲ್ ತಗೊಳ್ಳಲೇಬೇಡಿ, ಆ ದುಡ್ಡಲ್ಲಿ ಆರು ತಿಂಗಳು ಆಡಿ. ವಾರಕ್ಕೆ ಎರಡು ಸಲ ಆಡೋರಿಗೆ ಮಾತ್ರ ಹೇಳ್ತಿದ್ದೀನಿ. ಕೌಂಟರ್ ಬಾಲಿನ ತೂತು ಎಲ್ಲರಿಗೂ ಆಗ್ಲಿ ಅಂತ ಹೊಡೆದಿದ್ದು, ಅಂದ್ರೆ ಯಾರಿಗೂ ಸರಿಯಾಗಿ ಆಗಲ್ಲ.

"ಒಣ ಲೇನಲ್ಲೂ ಆಡಬಹುದು, ನಿನಗೆ ಆಡಕ್ಕೆ ಬರಲ್ಲ." ಅರ್ಧ ನಿಜ. ಜೋರಾಗಿ ಎಸೆದು, ನಿಲ್ಲೋ ಜಾಗ ಎಡಕ್ಕೆ ಸರಿಸಿ, ಕೈ ಬಾಲಿನ ಹಿಂದೆ ಇಟ್ಟು ಪಕ್ಕದ ಸುತ್ತು ಕಮ್ಮಿ ಮಾಡಿದ್ರೆ ಬೀಸ್ಟನ್ನೂ ಸ್ವಲ್ಪ ಪಳಗಿಸಬಹುದು. ಎಡಗೈನವರು ಇದನ್ನ ಉಲ್ಟಾ ಮಾಡ್ಕೊಳ್ಳಿ. ಆದ್ರೆ ತಿರುಗೋದಕ್ಕೆ ಅಂತ ದುಡ್ಡು ಕೊಟ್ಟು, ತಿರುಗದಂಗೆ ಮಾಡಕ್ಕೆ ಆರು ತಿಂಗಳು ಒದ್ದಾಡೋದು ಯಾವ ಲೆಕ್ಕ?

"ಮುಂದೆ ಸ್ಟೇಟ್ ಆಡ್ತೀನಿ, ಆಗ ಬೇಕಾಗುತ್ತೆ." ಆಗ ತಗೋ. ನಿಜವಾಗ್ಲೂ ತಗೋ, ನಾನೇ ಪಾರ್ಟಿ ಕೊಡಿಸ್ತೀನಿ. ನ್ಯಾಷನಲ್ಸ್ ಹಲವು ಸಲ ನಡೆದಿರೋದು ನಮ್ಮೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾದಲ್ಲೇ. ಅಂಥಾ ಟೂರ್ನಿಗೆ ಲೇನ್‌ಗೆ ಅಳತೆ ಪ್ರಕಾರ ಎಣ್ಣೆ ಹಾಕ್ತಾರೆ, ಅಲ್ಲಿ ಬೀಸ್ಟ್‌ಗೆ ಕೆಲಸ ಇದೆ. ಆದ್ರೆ ಮೊದಲು ಇಲ್ಲಿ ಹತ್ತನೇ ಪಿನ್ ಹೊಡೆಯೋದು ಕಲಿ.

"ನೀನು ಸೋತಿದ್ದಕ್ಕೆ ಹೊಟ್ಟೆಕಿಚ್ಚು." ಇರಬಹುದು. ಲೆಕ್ಕ ಮಾತ್ರ ತಪ್ಪು ಅಂತ ತೋರಿಸು.

11/11
ಕೊನೇ ಫೋಟೋ ನನ್ನ ಈಗಿನ ಬಾಲು. ಆಟ ಬಿಟ್ಟ ಒಬ್ಬರ ಹತ್ರ ತಗೊಂಡ ಹಳೇ ನೀಲಿ ಪ್ಲಾಸ್ಟಿಕ್. ಮೇಲೆ ಗೀರುಗಳಿವೆ. ತೂತು ಮುಚ್ಚಿಸಿ, ನನ್ನ ಕೈಗೆ ಅಳತೆ ತಗೊಂಡು ಮತ್ತೆ ಹೊಡೆಸಿದ್ದು. ಡ್ರಿಲ್ ಮಾಡಿದೋರು ನಲವತ್ತು ನಿಮಿಷ ನನ್ನ ಕೈ ನೋಡಿದ್ರು, ಹತ್ತೇ ನಿಮಿಷ ಬಾಲ್ ನೋಡಿದ್ರು. ಎಲ್ಲಾ ಸೇರಿ ಬೀಸ್ಟ್‌ನ ಅರ್ಧ ದುಡ್ಡೂ ಆಗಲಿಲ್ಲ. ಬಿಟಿಎಂ ಲೇಔಟ್ ಸ್ಟೇಷನ್‌ನಲ್ಲಿ ಬ್ಯಾಗ್ ಸ್ಕ್ಯಾನ್ ಆದಾಗ ಸೆಕ್ಯುರಿಟಿ ಅಕ್ಕ ಪ್ರತಿ ಸಲ ತೆಗೆಸಿ ನೋಡ್ತಾರೆ. "ಇಷ್ಟು ಭಾರ ಹೊತ್ಕೊಂಡು ಎಲ್ಲಿಗಮ್ಮ?" ಅಂತಾರೆ. ಯೆಲ್ಲೋ ಲೈನ್, ಆರ್‌ವಿ ರೋಡಲ್ಲಿ ಗ್ರೀನ್, ಮೆಜೆಸ್ಟಿಕ್‌ನಲ್ಲಿ ಪರ್ಪಲ್. ಐದೂವರೆ ಕೆಜಿ ಭುಜದ ಮೇಲೆ. ಖುಷಿಯಾಗಿ ಹೊರ್ತೀನಿ.

ಪವಾಡ ಏನೂ ಆಗಿಲ್ಲ. ಕಳೆದ ಹತ್ತು ಗೇಮಿನ ನನ್ನ ಸರಾಸರಿ 138. ರೀಲ್ ಮಾಡೋ ಅಷ್ಟು ಏನಿಲ್ಲ. ಆದ್ರೆ ಹೆಬ್ಬೆರಳು ಸರಿಯಾಗಿದೆ, ಹತ್ತನೇ ಪಿನ್ ಮೂರರಲ್ಲಿ ಎರಡು ಸಲ ಬೀಳುತ್ತೆ.

ಕೊನೇದಾಗಿ ಒಂದು ಕೆಲಸ ಮಾಡಿ. ಮುಂದಿನ ಸಲ ಹೋದಾಗ ಕೌಂಟರಲ್ಲಿ ಮರ್ಯಾದೆಯಾಗಿ ಕೇಳಿ: "ಅಣ್ಣ, ಲೇನ್‌ಗೆ ಎಣ್ಣೆ ಯಾವಾಗ ಹಾಕಿದ್ರಿ?" ನಾನು ಮೊದಲ ಸಲ ಕೇಳಿದಾಗ ನಕ್ಕರು. ಮೂರನೇ ಸಲ ಒಬ್ಬರು "ಮಂಗಳವಾರ ಬೆಳಗ್ಗೆ ಬನ್ನಿ ಮೇಡಂ, ಆಗ ಚೆನ್ನಾಗಿರುತ್ತೆ" ಅಂದ್ರು. ಗೇಮ್‌ಗೆ ದುಡ್ಡು ಕೊಡೋದು ನಾವು, ಕೇಳೋದು ತಪ್ಪಲ್ಲ. ಒಬ್ಬರು ಕೇಳಿದ್ರೆ ತಮಾಷೆ. ಇಡೀ ಕ್ಲಾಸ್ ಕೇಳಿದ್ರೆ ಎಣ್ಣೆ ಬೀಳುತ್ತೆ.

1978ರಲ್ಲೇ ಏಷ್ಯನ್ ಗೇಮ್ಸ್‌ನಲ್ಲಿ ಆಡಿದ ಆಟ ಇದು. ಮಾಲ್‌ನ ಟೈಂಪಾಸ್ ಅಷ್ಟೇ ಅಲ್ಲ. ಆಟ ಅಂತ ನೋಡೋದಾದ್ರೆ ಲೇನ್ ನೋಡಿ ಬಾಲ್ ತಗೊಳ್ಳಿ, ರೀಲ್ ನೋಡಿ ತಗೋಬೇಡಿ.

ಆ ಬೀಸ್ಟ್ ಇನ್ನೂ ಮಂಚದ ಕೆಳಗಿದೆ. ಮಾರಲ್ಲ. ಮಾರಿದ್ರೆ ನಿಮ್ಮಲ್ಲೇ ಒಬ್ಬರ ಹೆಬ್ಬೆರಳಿಗೆ ಬರುತ್ತೆ. ಅಮ್ಮನ 7,000ದಲ್ಲಿ 4,500 ವಾಪಸ್ ಕೊಟ್ಟಿದ್ದೀನಿ, 2,500 ಬಾಕಿ. ಟ್ಯೂಷನ್ ನಡೀತಿದೆ.

ಗ್ರೂಪಲ್ಲಿ ಬಾಲಿನ ಫೋಟೋ ಹಾಕಿರೋ ಇಬ್ಬರಿಗೂ: ದುಡ್ಡು ಕಳಿಸೋ ಮುಂಚೆ ಒಂದು ಫೋನ್ ಮಾಡಿ. ಶನಿವಾರ ನನ್ನ ನೀಲಿ ಬಾಲ್ ತರ್ತೀನಿ, ಟಿಶ್ಯೂ ಪೇಪರ್ ನೀವು ತನ್ನಿ.

#ಒಣಲೇನ್ #ಬೌಲಿಂಗ್ #ಜಯನಗರ #ಬಿಟಿಎಂ #ಬಿಕಾಂಲೆಕ್ಕ